ಯಾಕೆ ಸೋತೆ, ಒಂದೇ ಸಾಲಲ್ಲಿ ಹೇಳು: ನಾಲ್ಕು ಹಳೇ ಫೈಟಿಂಗ್ ಆಟಗಳ ಹೋಲಿಕೆ

ನನಗೆ ಇಬ್ಬರು ಎದುರುಬದುರು ಹೊಡೆದಾಡುವ ಫೈಟಿಂಗ್ ವಿಡಿಯೊ ಆಟಗಳ ಗೀಳು ಹತ್ತಿದ್ದು 2023ರಲ್ಲಿ, ಸ್ಟ್ರೀಟ್ ಫೈಟರ್ 6 ಬಂದಾಗ. ಅದರ ಮಾಡರ್ನ್ ಕಂಟ್ರೋಲ್ ಎಂಬ ಸುಲಭದ ವಿಧಾನದಲ್ಲಿ ಒಂದೇ ಬಟನ್ ಒತ್ತಿದರೆ ರಿಯು ಎಂಬ ಪಾತ್ರ ಹಡೋಕೆನ್, ಅಂದರೆ ದೂರಕ್ಕೆ ಹಾರುವ ಶಕ್ತಿಯ ಉಂಡೆ, ಬಿಡುತ್ತಾನೆ. ಬೆರಳು ಪಳಗುವ ತನಕ ಕಾಯುವ ಕಷ್ಟವಿಲ್ಲ. ಆಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಒಳಗೊಳಗೇ ಕೊರೆಯುತ್ತಿತ್ತು. ಸೋತ ಮೇಲೆ ಯಾಕೆ ಸೋತೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ರಿಪ್ಲೇ ಹಾಕಿಕೊಂಡು, ಪ್ರತಿ ಏಟಿನ ಕಾಲ ತೋರಿಸುವ ಫ್ರೇಮ್ ಮೀಟರ್ ನೋಡಿಕೊಂಡು, ದಾಳಿಗೂ ರಕ್ಷಣೆಗೂ ಖರ್ಚಾಗುವ ಶಕ್ತಿಯ ಪಟ್ಟಿ ಡ್ರೈವ್ ಗೇಜ್ ಎಲ್ಲಿ ಖಾಲಿಯಾಯಿತು ಅಂತ ಹಿಂದೆ ಮುಂದೆ ಓಡಿಸಿ ನೋಡಬೇಕಿತ್ತು. ಸೋಲಿಗೂ ಹೋಂವರ್ಕ್!

ಒಂದು ರಾತ್ರಿ ಹೀಗೇ ಗೊಣಗುತ್ತಿದ್ದಾಗ ಗೆಳೆಯ ಅಂದ: "ಲೋ, ನೀನು ಹುಟ್ಟೋಕೆ ಮುಂಚಿನ ಆಟ ಒಂದು ಸಲ ಆಡಿ ನೋಡೋ. ಯಾಕೆ ಸೋತೆ ಅಂತ ಬಿದ್ದ ಕೂಡ್ಲೇ ಗೊತ್ತಾಗತ್ತೆ." ಅವನ ಮಾತು ನಿಜವೋ ಅಥವಾ ಹಳೆಯದರ ಮೇಲಿನ ಸುಮ್ಮನೆ ಮೋಹವೋ ನೋಡೇಬಿಡೋಣ ಅಂತ ಒಂದು ನೋಟ್‌ಬುಕ್ ಇಟ್ಟುಕೊಂಡೆ. ನಿಯಮ ಇಷ್ಟೇ: ಪ್ರತಿ ಸೋಲಿನ ಮೇಲೆ ಕಾರಣವನ್ನು ಒಂದೇ ಸಾಲಲ್ಲಿ ಬರೆಯಬೇಕು, ರಿಪ್ಲೇ ನೋಡುವ ಹಾಗಿಲ್ಲ. ಸಮುರಾಯ್ ಶೋಡೌನ್ 2, ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ, ಕಿಂಗ್ ಆಫ್ ಫೈಟರ್ಸ್ 98, ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್, ಈ ನಾಲ್ಕನ್ನೂ ಒಂದೊಂದು ತಿಂಗಳು ಆಡಿದೆ. ಟೆಕ್ಕನ್ 3 ಬೇಕೆಂದೇ ಬಿಟ್ಟೆ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಆಟದ ಲೆಕ್ಕಾಚಾರವೇ ಬೇರೆ.

ಆಟಗಳಿಗೆ ಹೋಗುವ ಮುಂಚೆ ಒಂದು ಮಾತು. ಇವೆಲ್ಲ ಇವತ್ತು ನನ್ನಂಥವರ ಕೈಗೆ ಸಿಗುತ್ತಿರುವುದಕ್ಕೆ ಹಳೆಯ ನೆನಪುಗಳಷ್ಟೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ಸತ್ತುಹೋಗುತ್ತಿದ್ದವು. ಬದುಕಿಸಿದ್ದು ರೋಲ್‌ಬ್ಯಾಕ್ ಎಂಬ ಆನ್‌ಲೈನ್ ತಂತ್ರ. ಮೊದಲು ಆನ್‌ಲೈನ್ ಆಟ ಎಂದರೆ ಎದುರಿನವನು ಒತ್ತಿದ ಬಟನ್ ನೆಟ್‌ನಲ್ಲಿ ಬಂದು ತಲುಪುವವರೆಗೆ ನಿಮ್ಮ ಪರದೆಯೂ ಕಾಯಬೇಕಿತ್ತು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಆಟದಲ್ಲಿ ನಾಲ್ಕೈದು ಫ್ರೇಮ್ ತಡವಾದರೂ ಕೆಸರಿನಲ್ಲಿ ಕಾಲಿಟ್ಟ ಹಾಗೆ. ಟೋನಿ ಕ್ಯಾನನ್ ಎಂಬಾತ ಜಿಜಿಪಿಓ ಎಂಬ ರೋಲ್‌ಬ್ಯಾಕ್ ತಂತ್ರಾಂಶ ಮಾಡಿದ್ದು ಈ ಕಾಟಕ್ಕೆ ಬೇಸತ್ತು. ಅದು ಕಾಯುವುದಿಲ್ಲ. ಎದುರಾಳಿ ಏನು ಒತ್ತಿರಬಹುದು ಅಂತ ಊಹಿಸಿ ಆಟ ಮುಂದುವರಿಸುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಸರಿಪಡಿಸಿ ಮತ್ತೆ ಓಡಿಸಿಕೊಂಡು ಬರುತ್ತದೆ, ಅದೂ ಕಣ್ಣಿಗೆ ಕಾಣದಷ್ಟು ಬೇಗ. ತೊಂಬತ್ತರ ದಶಕದ ಆಟಗಳು ಇಂದಿನ ಕಂಪ್ಯೂಟರಿಗೆ ಹೂವಿನಷ್ಟು ಹಗುರ, ಹಾಗಾಗಿ ಈ ಹಿಂದೆ ಮುಂದೆ ಓಟ ಅವಕ್ಕೆ ಲೀಲಾಜಾಲ. ಹಳೇ ಆಟಗಳನ್ನು ಆನ್‌ಲೈನ್ ಆಡಿಸುವ ಫೈಟ್‌ಕೇಡ್‌ನಲ್ಲಿ ನಾನು ಆಡಿದ ಕೆಲವು ಪಂದ್ಯಗಳು ಎದುರಿನವನು ಪಕ್ಕದಲ್ಲೇ ಕೂತ ಹಾಗಿದ್ದವು.

ಸಮುರಾಯ್ ಶೋಡೌನ್ 2ರಿಂದ ಶುರು ಮಾಡಿದೆ. 1994ರ ಆಟ. ಮೊದಲ ಸಂಜೆಗೆ ಇದಕ್ಕಿಂತ ಒಳ್ಳೆಯದು ಬೇರೆ ಸಿಗಲಿಕ್ಕಿಲ್ಲ. ಎಲ್ಲರ ಕೈಯಲ್ಲೂ ಆಯುಧ. ಕತ್ತಿಯ ಎರಡು ಬಟನ್ ಒಟ್ಟಿಗೆ ಒತ್ತಿದರೆ ಭಾರೀ ಏಟು. ಹೌಮಾರು ಎಂಬ ಪಾತ್ರದ ಅಂಥ ಏಟು ಒಂದು ಬಿದ್ದರೆ ಲೈಫ್ ಬಾರ್‌ನಲ್ಲಿ ದೊಡ್ಡ ಹಳ್ಳ. ಏಟಿನ ಹಿಂದೆ ಏಟು ಪೋಣಿಸುವ ಕಾಂಬೊ ಕಲಿಯದಿದ್ದರೂ ನಡೆಯುತ್ತದೆ, ದೂರ ಅಳೆಯಲು ಬರಬೇಕು ಅಷ್ಟೆ. ಕತ್ತಿಗೆ ಕತ್ತಿ ಸಿಕ್ಕಿಕೊಂಡಾಗ ಇಬ್ಬರೂ ಬಟನ್‌ಗಳನ್ನು ಚಚ್ಚಬೇಕು. ಸೋತವನ ಆಯುಧ ಹಾರಿ ಬೀಳುತ್ತದೆ, ಪಾಪ ಅವನು ಬರಿಗೈಯಲ್ಲಿ ಅದರ ಹಿಂದೆ ಓಡಬೇಕು. ನನ್ನ ನೋಟ್‌ಬುಕ್ ಆ ತಿಂಗಳು ಹೀಗಿದೆ: "ಸುಮ್ಮನೆ ಬೀಸಿದೆ, ತಪ್ಪಿತು, ಸತ್ತೆ." ಮಾರನೇ ದಿನ: "ಮತ್ತೆ ಬೀಸಿದೆ." ಮೂರನೇ ವಾರದಲ್ಲೂ ಅದೇ ಸಾಲು. ಉತ್ತರ ಸ್ಪಷ್ಟ, ಆದರೆ ಒಂದೇ ಉತ್ತರ. ತಾಳ್ಮೆ ಇರುವವರಿಗೆ ಅದರ ಆಳದಲ್ಲಿ ಇನ್ನೂ ಏನೇನೋ ಇದೆ, ಗೊತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಮೇಲಾಗಿ ನನ್ನ ಮಟ್ಟದ ಎದುರಾಳಿಗಳೂ ಸುಲಭಕ್ಕೆ ಸಿಗಲಿಲ್ಲ.

ಕಿಂಗ್ ಆಫ್ ಫೈಟರ್ಸ್ 98 ಇದಕ್ಕೆ ತದ್ವಿರುದ್ಧ. ಮೂರು ಜನರ ತಂಡ ಕಟ್ಟಬೇಕು, ಯಾರು ಮೊದಲು ಯಾರು ಕೊನೆಗೆ ಅಂತ ಪಂದ್ಯಕ್ಕೆ ಮುಂಚೆಯೇ ತೀರ್ಮಾನಿಸಬೇಕು. ಆ ವರ್ಷದ ಆಟಕ್ಕೆ ಕಥೆಯ ಹಂಗಿಲ್ಲ. ಸರಣಿಯ ಬಹುತೇಕ ಹಳಬರನ್ನು, ಕಥೆಯಲ್ಲಿ ಸತ್ತವರನ್ನೂ ಸೇರಿಸಿ, ಒಂದೇ ಕಡೆ ಬಿಟ್ಟಿದ್ದಾರೆ. ಬಟನ್ ನಾಲ್ಕೇ. ಹಾಗಂತ ಸುಲಭ ಅಂದುಕೊಂಡರೆ ಕೆಟ್ಟಿರಿ. ಕಷ್ಟವೆಲ್ಲ ಜಿಗಿತದಲ್ಲಿದೆ. ಸಾಮಾನ್ಯ ಜಿಗಿತ, ದೂರದ ಜಿಗಿತ, ಮೇಲಕ್ಕೆ ಒಮ್ಮೆ ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ, ಕೆಳಗೆ ಒತ್ತಿ ಆಮೇಲೆ ತಟ್ಟಿದರೆ ವೇಗದ ಗಿಡ್ಡ ಜಿಗಿತ. ಬಲ್ಲವರು ಈ ಗಿಡ್ಡ ಜಿಗಿತದಲ್ಲೇ ಜೇನುನೊಣದಂತೆ ಮುತ್ತಿಕೊಳ್ಳುತ್ತಾರೆ. ನಿಮಗೆ ಉಸಿರಾಡಲು ಪುರುಸೊತ್ತಿಲ್ಲ.

ನನಗಂತೂ ಮೊದಲ ವಾರ ಗಿಡ್ಡ ಜಿಗಿತ ಒಂದೂ ಬರಲಿಲ್ಲ. ತಟ್ಟಿದರೂ ಪೂರ್ತಿ ಜಿಗಿತವೇ. ಈ ಆಟ ನನ್ನ ಕೈಗೆ ಹೇಳಿದ್ದಲ್ಲ ಅಂತ ಆಟವನ್ನು ಬೈದೆ, ವಯಸ್ಸನ್ನು ಬೈದೆ. ಆಮೇಲೆ ನೋಡಿದರೆ ನನ್ನ ಸೆಕೆಂಡ್‌ಹ್ಯಾಂಡ್ ಜಾಯ್‌ಸ್ಟಿಕ್‌ನ ಒಳಗೆ ಮೇಲಿನ ದಿಕ್ಕಿನ ಸ್ವಿಚ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಸ್ವಿಚ್ ಬದಲಾಯಿಸಿದ ದಿನವೇ ಗಿಡ್ಡ ಜಿಗಿತ ಬಂತು. ಸೋಲು ಮಾತ್ರ ನಿಲ್ಲಲಿಲ್ಲ. ನೋಟ್‌ಬುಕ್‌ನ ಸಾಲು: "ಮೊದಲನೆಯವ ಗಿಡ್ಡ ಜಿಗಿತಕ್ಕೆ ಸಿಕ್ಕ, ಎರಡನೆಯವ ರೋಲ್ (ಉರುಳಿ ತಪ್ಪಿಸಿಕೊಳ್ಳುವುದು) ಹೊಡೆದು ಥ್ರೋಗೆ (ಹಿಡಿದು ಎಸೆಯುವುದು) ಸಿಕ್ಕ, ಮೂರನೆಯವ ಹೆದರಿಯೇ ಸತ್ತ." ಒಂದೇ ಸಾಲಿನಲ್ಲಿ ಮೂರು ಕಾರಣ. ನಿಯಮ ಮುರಿದಂತಾಯಿತು, ಆದರೆ ಕಾರಣಗಳು ಕಣ್ಣಿಗೆ ಕಂಡವು. ಅದು ದೊಡ್ಡ ವಿಷಯ. ಗೆಳೆಯರ ಗುಂಪಿದ್ದರೆ, ಪಾಳಿಯ ಮೇಲೆ ಆಡುವುದಿದ್ದರೆ ಇದನ್ನೇ ಹಾಕಿ. ಇಬ್ಬರನ್ನು ಕಳೆದುಕೊಂಡವನು ಉಳಿದ ಒಬ್ಬನಿಂದ ಎದುರಿನ ಮೂವರನ್ನೂ ಮಣ್ಣು ಮುಕ್ಕಿಸಿದರೆ ಕೋಣೆಯಲ್ಲಿ ಏಳುವ ಗದ್ದಲವನ್ನು ಬೇರೆ ಯಾವ ಆಟವೂ ಕೊಡಲಿಲ್ಲ.

ಈಗ ಥರ್ಡ್ ಸ್ಟ್ರೈಕ್. ಇದರ ಬಗ್ಗೆ ಬರೆಯುವಾಗ ಜಾಗ್ರತೆ ಬೇಕು, ಏಕೆಂದರೆ ಅಭಿಮಾನಿಗಳು ಬಿಡುವುದಿಲ್ಲ. 1999ರಲ್ಲಿ, ಸ್ಟ್ರೀಟ್ ಫೈಟರ್ ಮಾಡುವ ಕಂಪನಿ ಕ್ಯಾಪ್‌ಕಾಮ್‌ನ ಸಿಪಿಎಸ್-3 ಎಂಬ ಆರ್ಕೇಡ್ ಯಂತ್ರದಲ್ಲಿ ಬಂದ ಆಟ. ಕೈಯಿಂದ ಬಿಡಿಸಿದ ಚಿತ್ರಗಳ ಚಲನೆ ಇಷ್ಟು ನಯವಾಗಿರುವ ಆಟ ಇವತ್ತಿಗೂ ಅಪರೂಪ. ಎಲೆನಾ ಎಂಬ ಪಾತ್ರ ನಿಂತಲ್ಲೇ ತೂಗುವುದನ್ನು ನೋಡುತ್ತಾ ನಾನೇ ಎರಡು ಸಲ ಒದೆಸಿಕೊಂಡಿದ್ದೇನೆ. ಹೊಸಬರು ಇದಕ್ಕೆ ಬರುವುದು ಬಹುತೇಕ ಒಂದು ವಿಡಿಯೊ ನೋಡಿ: 2004ರ ಇವೋ ಟೂರ್ನಿ, ಜಸ್ಟಿನ್ ವಾಂಗ್‌ನ ಚುನ್-ಲಿ ಎದುರು ಡೈಗೊ ಉಮೆಹರಾನ ಕೆನ್. ಕೆನ್‌ನ ಜೀವ ಕೂದಲೆಳೆಯಷ್ಟು. ಚುನ್-ಲಿಯ ಸೂಪರ್ ಏಟನ್ನು, ಅಂದರೆ ಮೀಟರ್ ತುಂಬಿದಾಗ ಬರುವ ಭಾರೀ ಪಟ್ಟನ್ನು, ಬ್ಲಾಕ್ ಮಾಡಿ ತಡೆದರೂ ಸಾಯುತ್ತಾನೆ. ಡೈಗೊ 15 ಒದೆಗಳನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ತಿರುಗಿಸಿ ಹೊಡೆದು ಗೆಲ್ಲುತ್ತಾನೆ. (ಆ ಟೂರ್ನಿಯ ಫೈನಲ್‌ನಲ್ಲಿ ಡೈಗೊ ಸೋತ ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.)

ನಾನೂ ಅದನ್ನೇ ನೋಡಿಕೊಂಡು ಹೋದವನು. ಪ್ಯಾರಿ ಎಂದರೆ ಏಟು ತಾಗುವ ಗಳಿಗೆಗೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯ ಕಡೆಗೆ ತಟ್ಟುವುದು. ಕೆಳಗಿನ ಏಟಾದರೆ ಕೆಳಕ್ಕೆ. ಬ್ಲಾಕ್ ಮಾಡಲು ಹಿಂದಕ್ಕೆ ಎಳೆಯಬೇಕು, ಪ್ಯಾರಿಗೆ ಮುಂದಕ್ಕೆ, ಹಾಗಾಗಿ ತಪ್ಪಿದರೆ ಎದೆ ಕೊಟ್ಟು ಹೊಡೆಸಿಕೊಂಡ ಹಾಗೆ. ಇದರಿಂದ ಆಗುವುದೇನು? ದೂರದಿಂದ ಹಡೋಕೆನ್ ಬಿಟ್ಟರೆ ಯಾರಿಗೂ ಭಯವಿಲ್ಲ, ತಟ್ಟಿ ಮುಂದೆ ಬರುತ್ತಾರೆ. ಮೇಲಿಂದ ಜಿಗಿದವನನ್ನು ಹೊಡೆಯಲು ಹೋದರೆ ಗಾಳಿಯಲ್ಲೇ ಪ್ಯಾರಿ. ನಾನು ಹೊಡೆಯುತ್ತೇನೆ ಅಂತ ಅವನು ಊಹಿಸುತ್ತಾನೆ, ಅವನು ಊಹಿಸುತ್ತಾನೆ ಅಂತ ನಾನು ಊಹಿಸಿ ಕೈ ತಡೆಯುತ್ತೇನೆ, ಅಷ್ಟರಲ್ಲಿ ಅವನು ಥ್ರೋ ಮಾಡಿರುತ್ತಾನೆ. ಡೈಗೊನ ಆ ಮೊದಲ ಪ್ಯಾರಿಯೂ ಹಾಗೇ: ಸೂಪರ್ ಹೊರಟದ್ದನ್ನು ಕಂಡ ಮೇಲೆ ತಟ್ಟಿದರೆ ಹೊತ್ತು ಮೀರಿರುತ್ತದೆ, ಬರುತ್ತದೆಂದು ಮೊದಲೇ ಗ್ರಹಿಸಿರಬೇಕು. ಪಂಡಿತರ ನಡುವೆ ಇದು ಅದ್ಭುತ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ: "ಪ್ಯಾರಿ ಮಾಡಿದ. ಯಾಕೆ ಮಾಡಿದ? ಗೊತ್ತಿಲ್ಲ." ಮರುದಿನ: "ಪ್ಯಾರಿ ಮಾಡಲಿಲ್ಲ. ಅದಕ್ಕೇ ಸೋತೆ." ನಾಲ್ಕರಲ್ಲಿ ಅತಿ ಸುಂದರವಾದ ಆಟ ಇದೇ, ಹೊಸಬರಿಗೆ ಅತಿ ಮಬ್ಬಾದದ್ದೂ ಇದೇ. ನೋಡಲು ಕೂತರೆ ಏಳಲು ಮನಸ್ಸಾಗುವುದಿಲ್ಲ, ಆಡಲು ಕೂತರೆ ಅರ್ಧ ಗಂಟೆಗೆ ಸಾಕು.

ನಡುವೆ ಗಾರೋ ಮಾರ್ಕ್ ಆಫ್ ದಿ ವುಲ್ವ್ಸ್ ಅನ್ನೂ ಒಂದು ವಾರ ಮುಟ್ಟಿ ಬಂದೆ. ಅದೂ 1999ರದು, ಕಿಂಗ್ ಆಫ್ ಫೈಟರ್ಸ್ ಮಾಡಿದ ಕಂಪನಿ ಎಸ್‌ಎನ್‌ಕೆಯದು. ಅಲ್ಲಿನ ಜಸ್ಟ್ ಡಿಫೆಂಡ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಹಿಂದಕ್ಕೆಳೆದರೆ ಸಾಕು. ತಪ್ಪಿದರೂ ಬಹಳ ಸಲ ಮಾಮೂಲಿ ಬ್ಲಾಕ್ ಆದರೂ ಉಳಿಯುತ್ತದೆ, ಸರಿಹೋದರೆ ಚೂರು ಜೀವವೂ ಮರಳುತ್ತದೆ. ಪ್ಯಾರಿಯ ಆಸೆ ಇದ್ದು ಧೈರ್ಯ ಇಲ್ಲದವರಿಗೆ ಹೇಳಿ ಮಾಡಿಸಿದ್ದು. 2025ರಲ್ಲಿ ಅದರ ಮುಂದಿನ ಭಾಗ ಬಂದಮೇಲೆ ಹಳೆಯದನ್ನು ಹುಡುಕಿಕೊಂಡು ಹೋದವರಲ್ಲಿ ನಾನೂ ಒಬ್ಬ.

ಕೊನೆಗೆ ಉಳಿಸಿಕೊಂಡದ್ದು ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ. 1991ರಲ್ಲಿ ಆರಿಸಿಕೊಳ್ಳಲು ಎಂಟೇ ಪಾತ್ರಗಳಿಂದ ಶುರುವಾದ ಆಟದ 1994ರ ರೂಪ. ಮೊದಲ ದಿನ ಇದರಷ್ಟು ನಿರ್ದಯವಾಗಿ ನಡೆಸಿಕೊಂಡ ಆಟ ಇನ್ನೊಂದಿಲ್ಲ. ಮೇಲಕ್ಕೆ ಹಾರಿ ಗುದ್ದುವ ಶೋರ್ಯುಕೆನ್‌ಗೆ ಮುಂದೆ, ಕೆಳಗೆ, ಓರೆಗೆ ಅಂತ ತಿರುಗಿಸಿದರೆ ಹತ್ತಕ್ಕೆ ನಾಲ್ಕು ಬಂದರೆ ಪುಣ್ಯ. ಇಂದಿನ ಆಟಗಳು ಬೆರಳಿನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ, ಇದು ಮುಖಕ್ಕೆ ಹೊಡೆದ ಹಾಗೆ ತೋರಿಸುತ್ತದೆ.

ಆದರೂ ಎರಡನೇ ವಾರದಲ್ಲಿ ನೋಟ್‌ಬುಕ್ ತುಂಬತೊಡಗಿತು. "ಜಿಗಿದೆ, ಹೊಡೆಸಿಕೊಂಡೆ." "ಹಡೋಕೆನ್ ತೀರಾ ಹತ್ತಿರದಿಂದ ಬಿಟ್ಟೆ, ಅವನು ಮೇಲಿಂದ ಬಂದ." "ಮೂಲೆಗೆ ನಾನಾಗೇ ನಡೆದುಹೋದೆ." ಪ್ರತಿ ಸಾಲೂ ಬೇರೆ, ಪ್ರತಿ ಸಾಲೂ ನಿಜ. ಕಾರಣ ಆಟದ ಕಟ್ಟಡದಲ್ಲೇ ಇದೆ. ಒಬ್ಬನ ಹಡೋಕೆನ್ ಪರದೆಯ ಮೇಲಿರುವ ತನಕ ಅವನು ಇನ್ನೊಂದು ಬಿಡುವ ಹಾಗಿಲ್ಲ. ನಿಧಾನದ್ದನ್ನು ಬಿಟ್ಟು ಅದರ ಹಿಂದೆಯೇ ನಡೆಯಬಹುದು, ವೇಗದ್ದನ್ನು ಬಿಟ್ಟು ಎದುರಿನವನನ್ನು ಜಿಗಿಯುವಂತೆ ಕೆಣಕಬಹುದು. ಒಂದು ಪಟ್ಟು, ಮೂರು ವೇಗ. ಅಷ್ಟರಲ್ಲೇ ಒಂದು ಇಡೀ ಸಂಭಾಷಣೆ ನಡೆದುಹೋಗುತ್ತದೆ. ಡ್ರೈವ್ ಗೇಜ್ ಇಲ್ಲ, ಪ್ಯಾರಿ ಇಲ್ಲ, ರೋಲ್ ಇಲ್ಲ. ಒಂದು ಸೂಪರ್ ಮೀಟರ್ ಇದೆ, ಅಷ್ಟೆ. ಕಾಂಬೊ ಕೂಡ 1991ರ ಆಟದಲ್ಲಿ ಯೋಜಿಸಿ ಇಟ್ಟದ್ದಾಗಿರಲಿಲ್ಲ. ಏಟಿನ ನಡುವೆ ಇನ್ನೊಂದು ಏಟು ನುಸುಳುವುದನ್ನು ತಯಾರಕರು ಗಮನಿಸಿ, ತೆಗೆಯದೆ ಹಾಗೇ ಬಿಟ್ಟರು. ಆ ಎಡವಟ್ಟಿನ ಮೇಲೆ ಇಡೀ ಪ್ರಕಾರ ನಿಂತಿದೆ!

ಹಾಗಂತ ಇದು ನ್ಯಾಯದ ಗಂಟೆ ಏನಲ್ಲ. ಒಂದೇ ಏಟು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ನೋವು ಕೊಡುತ್ತದೆ, ಏಕೆಂದರೆ ಒಳಗೆ ದಾಳ ಉರುಳುತ್ತಿರುತ್ತದೆ. ತಲೆ ತಿರುಗಿ ಬೀಳುವುದಕ್ಕೂ ಅದೇ ದಾಳ. ಥ್ರೋ ಹಿಡಿತಕ್ಕೆ ಸಿಕ್ಕರೆ ತಪ್ಪಿಸಿಕೊಳ್ಳಲು ಹೆಚ್ಚೇನೂ ಇಲ್ಲ, ಬಿದ್ದ ನೋವು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು ಅಷ್ಟೆ. ಗುಪ್ತವಾಗಿ ಇಟ್ಟಿದ್ದ ಅಕುಮಾ ಎಂಬ ಪಾತ್ರವನ್ನು ಟೂರ್ನಿಗಳು ಹೊರಗಿಟ್ಟವು, ಅವನಿದ್ದರೆ ಬೇರೆಯವರು ಆಡುವುದೇ ದಂಡ. ಹಿಡಿದು ಎಸೆಯುವ ಪೈಲ್ವಾನ ಝಾಂಗೀಫ್‌ನನ್ನು ಆರಿಸಿಕೊಂಡವರಿಗೆ ಕೆಲವು ಎದುರಾಳಿಗಳು ಗೋಡೆ ಇದ್ದ ಹಾಗೆ. ಇವನ್ನೆಲ್ಲ ಸರಿಮಾಡಲು ಅಪ್‌ಡೇಟ್ ಬರುವುದಿಲ್ಲ, ಬರುವುದೂ ಬೇಡ. ಸ್ಟ್ರೀಟ್ ಫೈಟರ್ 6ರಲ್ಲಿ ನಾನು ಒಂದು ತಿಂಗಳು ಉಜ್ಜಿ ಕಲಿತ ವರಸೆಯೊಂದು ಒಂದೇ ಅಪ್‌ಡೇಟ್‌ನಲ್ಲಿ ನೀರಿಗೆ ಬಿತ್ತು. ಇಲ್ಲಿ ಇವತ್ತು ಕಲಿತದ್ದು ಇನ್ನು ಹತ್ತು ವರ್ಷ ಬಿಟ್ಟು ಬಂದರೂ ಹಾಗೇ ಇರುತ್ತದೆ. ನನ್ನ ವಯಸ್ಸಿನವರು ಇದಕ್ಕೆ ಅಂಟಿಕೊಳ್ಳುವುದಕ್ಕೆ ಅದೂ ಒಂದು ಕಾರಣ ಎಂದೇ ನನ್ನ ಗುಮಾನಿ.

ಯಾರಿಗೆ ಯಾವುದು ಅಂತ ಕೇಳಿದರೆ: ಇಂದು ರಾತ್ರಿಯೇ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನಗಬೇಕಿದ್ದರೆ ಸಮುರಾಯ್ ಶೋಡೌನ್ 2. ಗುಂಪಿದ್ದರೆ ಕಿಂಗ್ ಆಫ್ ಫೈಟರ್ಸ್ 98. ಥರ್ಡ್ ಸ್ಟ್ರೈಕ್ ಅನ್ನು ಎರಡನೆಯ ಆಟವಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಬೇಡ. ಒಂಟಿಯಾಗಿ, ದಿನಕ್ಕೆ ಅರ್ಧ ಗಂಟೆ, ಬೆರಳು ಬೈಸಿಕೊಂಡರೂ ಪರವಾಗಿಲ್ಲ ಅನ್ನುವವರಿಗೆ ಟರ್ಬೊ. ಕ್ಯಾಪ್‌ಕಾಮ್‌ನ ಎರಡೂ ಆಟಗಳು 2018ರ ಮೂವತ್ತನೇ ವರ್ಷದ ಸಂಗ್ರಹದಲ್ಲಿ ಒಟ್ಟಿಗೇ ಸಿಗುತ್ತವೆ, ಆ 12 ಆಟಗಳಲ್ಲಿ ಇವೆರಡಕ್ಕೇ ನಾನು ಮತ್ತೆ ಮತ್ತೆ ಹೋಗುವುದು.

ಗೆಳೆಯನಿಗೆ ಇನ್ನೂ ಥರ್ಡ್ ಸ್ಟ್ರೈಕೇ ಪ್ರಾಣ. "ನಿಂಗೆ ಪ್ಯಾರಿ ಬರಲ್ಲ ಅಂತ ಹೇಳು, ಆಟನ ಯಾಕೋ ಬೈತೀಯ?" ಅನ್ನುತ್ತಾನೆ. ಇರಬಹುದು. ನಿನ್ನೆ ಟರ್ಬೊದಲ್ಲಿ ಅವನ ಝಾಂಗೀಫ್ ಎದುರು ನನ್ನ ರಿಯು, ಮೊದಲು ಹತ್ತು ಗೆದ್ದವನೇ ಗೆದ್ದ ಅನ್ನುವ ಪಂದ್ಯಕ್ಕೆ ಕೂತ. ಝಾಂಗೀಫ್ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುತ್ತಾನೆ, ಹಿಡಿದರೆ ಕಥೆ ಮುಗಿಯಿತು. 10-3ಕ್ಕೆ ಸೋತೆ. ಹತ್ತು ಸಾಲು ಬರೆದೆ, ಅದರಲ್ಲಿ ಏಳು "ಜಿಗಿದೆ" ಅಂತ ಶುರುವಾಗುತ್ತವೆ. ಗೆದ್ದ ಮೂರರಲ್ಲಿ ನಾನು ನೆಲ ಬಿಟ್ಟು ಏಳಲೇ ಇಲ್ಲ.