ಬಿಳಿ ಹಿನ್ನೆಲೆಯ ಶಾಯಿ, ಕಪ್ಪು ಹಿನ್ನೆಲೆಯ ಹಾಲು: ಯಾವ ವೇಷಕ್ಕೆ ಯಾವುದು?

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ವೇಷಧಾರಿಗಳಿಗೆ ಸ್ವಲ್ಪ ಬಿಡುವು. ಕಾಸರಗೋಡಿನ ಕಡೆ ಸ್ಟುಡಿಯೋದಲ್ಲಿ ವೇಷ ಕಟ್ಟಿಸಿ ಸಾವಕಾಶವಾಗಿ ಫೋಟೋ ತೆಗೆಯಲು ಮಳೆಗಾಲವೇ ಅನುಕೂಲ. ಮಳೆ ನಿಂತ ಮೇಲೆ ಶಾಲಾ ಕಲೋತ್ಸವದ ತಯಾರಿ, ಆಗ ಭರತನಾಟ್ಯ, ಮೋಹಿನಿಯಾಟ್ಟಂ ಉಡುಪಿನ ಮಕ್ಕಳು. ಈ ಮೂರು ಬಗೆಯ ಉಡುಪುಗಳ ಅಂಚು ನೀರಿನಲ್ಲಿ ಹರಡುವ ಶಾಯಿಯಾಗಿ ಕರಗಿಹೋಗುವಂತೆ ವೇಷದ ಫೋಟೋಗೆ ಶಾಯಿಯ ಫೋಟೋವನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಮೂರು ದಾರಿಗಳನ್ನು ಪ್ರಯೋಗಿಸಿ ಅಕ್ಕಪಕ್ಕ ಇಟ್ಟಿದ್ದೇವೆ: ಬಿಳಿ ಹಿನ್ನೆಲೆಯಲ್ಲಿ ಶಾಯಿ ಇಳಿಸಿ ಮಲ್ಟಿಪ್ಲೈ (ಬಿಳಿಯನ್ನು ಮಾಯ ಮಾಡುವ ಜೋಡಣೆ) ಮಾಡುವುದು, ಕಪ್ಪು ಹಿನ್ನೆಲೆಯಲ್ಲಿ ಹಾಲು ಇಳಿಸಿ ಸ್ಕ್ರೀನ್ (ಕಪ್ಪನ್ನು ಮಾಯ ಮಾಡುವ ಜೋಡಣೆ) ಮಾಡುವುದು, ಶಾಯಿಯ ಆಕಾರವನ್ನಷ್ಟೇ ಮಾಸ್ಕ್ (ಕತ್ತರಿಸಿದ ಅಚ್ಚು) ಆಗಿ ತೆಗೆದು ಅದರೊಳಗೆ ಬೇಕಾದ ಬಣ್ಣ ತುಂಬುವುದು. ಯಾವ ದಾರಿ ಎಂಬುದನ್ನು ಉಡುಪಿನ ಬಣ್ಣ ನೋಡಿ, ತೊಟ್ಟಿಗೆ ನೀರು ತುಂಬುವ ಮೊದಲೇ ತೀರ್ಮಾನಿಸಬೇಕು. ತೊಟ್ಟಿಯ ಹಿಂದಿನ ಬಟ್ಟೆ ತಪ್ಪಾಗಿದ್ದರೆ ಕಂಪ್ಯೂಟರಿನ ಮುಂದೆ ಇಡೀ ರಾತ್ರಿ ಕೂತರೂ ಅದು ಸರಿಹೋಗುವುದಿಲ್ಲ.

ಮೂರಕ್ಕೂ ಒಂದೇ ತೊಟ್ಟಿ

ಗಾಜಿನ ತೊಟ್ಟಿಯ ಅಳತೆ 18 ಇಂಚು ಉದ್ದ, 8 ಇಂಚು ಅಗಲ, 12 ಇಂಚು ಎತ್ತರ. 10 ಇಂಚಿನವರೆಗೆ ತುಂಬಿದರೆ ಸುಮಾರು 23.5 ಲೀಟರ್ ನೀರು. ಅಗಲ ಇದಕ್ಕಿಂತ ಹೆಚ್ಚಿದ್ದರೆ ಶಾಯಿ ಕ್ಯಾಮೆರಾದ ಕಡೆಗೂ ಹಿಂದಕ್ಕೂ ಹರಡಿ ಫೋಕಸಿನಿಂದ ಹೊರಗೆ ಹೋಗುತ್ತದೆ. 24 ಮೆಗಾಪಿಕ್ಸೆಲಿನ ಎಪಿಎಸ್-ಸಿ ಕ್ಯಾಮೆರಾ, 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಸುಮಾರು 70 ಸೆಂ.ಮೀ. ದೂರ ಎಂದಿಟ್ಟುಕೊಂಡರೆ ಎಫ್ 11ರಲ್ಲೂ ಚೂಪಾಗಿ ಬರುವ ಆಳ 2 ಸೆಂ.ಮೀ. ಆಸುಪಾಸು ಮಾತ್ರ. ಆದ್ದರಿಂದ ಶಾಯಿ ಬೀಳುವ ಜಾಗದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಳಿಸಿ, ಅದರ ಗೆರೆಗಳ ಮೇಲೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್‌ಗೆ ತಿರುಗಿಸಿಬಿಡಬೇಕು. ಐಎಸ್‌ಒ 100, ಶಟರ್ 1/160, ಫೈಲು ರಾ (RAW).

ಬೆಳಕಿಗೆ ಸ್ಪೀಡ್‌ಲೈಟ್, 1/16 ಪವರ್. ಪವರ್ ಇಳಿಸಿದಷ್ಟೂ ಅದು ಮಿಂಚುವ ಅವಧಿ ಕಿರಿದಾಗುತ್ತದೆ, ಶಾಯಿಯ ಎಳೆ ಅಲುಗದೆ ನಿಲ್ಲುತ್ತದೆ. ಮನೆಯ ಎಲ್‌ಇಡಿ ಬಲ್ಬಿನಲ್ಲೂ ಪ್ರಯತ್ನಿಸಬಹುದು, ಆದರೆ ಅಗ್ಗದ ಬಲ್ಬು ಕರೆಂಟಿನ ಜೊತೆ ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಒಂದು ಫೋಟೋದಂತೆ ಇನ್ನೊಂದು ಇರುವುದಿಲ್ಲ. ಆಟಿಯ ಮಳೆಯಲ್ಲಿ ವೋಲ್ಟೇಜೂ ಏರಿಳಿಯುತ್ತದೆ. ಸೆಲ್ ಹಾಕಿದ ಫ್ಲ್ಯಾಶೇ ನಂಬಿಗಸ್ತ.

ನೀರಿನ ವಿಷಯದಲ್ಲಿ ಅವಸರ ಸಲ್ಲದು. ಆಗಷ್ಟೇ ಹಿಡಿದ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಗಳಾಗಿ ಗಾಜಿಗೆ ಅಂಟುತ್ತದೆ. ಮಳೆಗಾಲದ ಬಾವಿನೀರಿಗೆ ಮುರಕಲ್ಲಿನ ಕೆಂಪು ಸೇರಿರುವುದೂ ಉಂಟು. ಎರಡು ಮಡಿಕೆ ಪಂಚೆಯಲ್ಲಿ ಸೋಸಿ ರಾತ್ರಿಯಿಡೀ ಬಕೆಟಿನಲ್ಲಿ ಬಿಟ್ಟು, ಬೆಳಿಗ್ಗೆ ತಳ ಕದಡದಂತೆ ಸಣ್ಣ ಪೈಪಿನಿಂದ ತೊಟ್ಟಿಗೆ ಇಳಿಸಿದರೆ ಎರಡೂ ತೊಂದರೆ ಕಡಿಮೆ. ಇನ್ನೊಂದು ಲಾಭ: ನೀರು ಕೋಣೆಯ ಬಿಸಿಗೆ ಬಂದಿರುತ್ತದೆ. ಬಾವಿಯಿಂದಲೋ ಗುಡ್ಡ ಕೊರೆದ ನೀರಿನ ಸುರಂಗದಿಂದಲೋ ನೇರ ತಂದ ತಣ್ಣನೆಯ ನೀರಾದರೆ ನಮ್ಮ ಕರಾವಳಿಯ ತೇವಕ್ಕೆ ಗಾಜು ಹೊರಗಿನಿಂದ ಬೆವರುತ್ತದೆ.

ಬಿಳಿ ಹಿನ್ನೆಲೆ, ಮಲ್ಟಿಪ್ಲೈ

ತೊಟ್ಟಿಯಿಂದ 15 ಸೆಂ.ಮೀ. ಹಿಂದೆ ಹಾಲುಬಣ್ಣದ ಅಕ್ರಿಲಿಕ್ ಶೀಟ್, ಅದರ ಹಿಂದೆ ಅರ್ಧ ಮೀಟರ್ ದೂರದಲ್ಲಿ ಫ್ಲ್ಯಾಶ್. ಹಿಸ್ಟೋಗ್ರಾಮಿನಲ್ಲಿ (0 ಎಂದರೆ ಕಪ್ಪು, 255 ಎಂದರೆ ಅಚ್ಚಬಿಳಿ) ಬಿಳಿ 240 ಮುಟ್ಟಬೇಕು, 255ಕ್ಕೆ ಬಡಿಯಬಾರದು. ಬಡಿದರೆ ಶಾಯಿಯ ತೆಳು ಎಳೆಗಳನ್ನು ಬೆಳಕೇ ತಿಂದುಹಾಕುತ್ತದೆ.

ದ್ರವದಲ್ಲಿ ಎರಡು ಜಾತಿ. ಫೌಂಟನ್ ಪೆನ್ನಿನ ಶಾಯಿ ನೀರಿನಲ್ಲಿ ಕರಗುವ ಬಣ್ಣ. ತೆಳುವಾದ, ಬೆಳಕು ಹಾಯುವ ಎಳೆಗಳಾಗಿ ಇಳಿಯುತ್ತದೆ, ಅಷ್ಟೇ ಬೇಗ ನೀರಲ್ಲಿ ಒಂದಾಗಿಬಿಡುತ್ತದೆ. ಪೋಸ್ಟರ್ ಕಲರ್ ಪುಡಿಯ ಬಣ್ಣ. ಒಂದು ಚಮಚಕ್ಕೆ ಮೂರು ಚಮಚ ನೀರು ಸೇರಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಬಿಟ್ಟರೆ ಮಡಿಕೆ ಮಡಿಕೆಯಾಗಿ, ಮೋಡದಂತೆ ಉರುಳುತ್ತದೆ. ವೇಷದ ದಪ್ಪ ಬಟ್ಟೆಗೆ ಸರಿಹೊಂದುವುದು ಪೋಸ್ಟರ್ ಕಲರ್. ಶಾಯಿಯ ಎಳೆ ವೇಷಕ್ಕೆ ಜೋಡಿಸಿದರೆ ದಾರ ಬಿಚ್ಚಿದ ಹಾಗೆ ಕಾಣುತ್ತದೆ. ಬಟ್ಟೆಗೆ ಹಾಕುವ ನೀಲಿ ಬೇಡವೇ ಬೇಡ, ಎರಡು ಹನಿಗೆ ಇಡೀ ತೊಟ್ಟಿ ನೀಲಿ.

ಸೂಜಿ ತೆಗೆದ 5 ಮಿ.ಲೀ. ಸಿರಿಂಜಿನ ತುದಿಯನ್ನು ನೀರಿನ ಮೇಲ್ಮೈಗಿಂತ ತುಸು ಕೆಳಗಿಟ್ಟು ಒಂದೆರಡು ಮಿ.ಲೀ. ಒತ್ತಬೇಕು. ಮೇಲಿನಿಂದ ಹನಿಸಿದರೆ ಗುಳ್ಳೆ ಸಮೇತ ಉಂಗುರವಾಗಿ ಇಳಿಯುತ್ತದೆ. ನೋಡಲು ಚಂದ, ಆದರೆ ಉಡುಪಿಗೆ ಉಪಯೋಗವಿಲ್ಲ. ಮೂರು ನಾಲ್ಕು ಸಲ ಒತ್ತಿದ ಮೇಲೆ ನೀರು ಬದಲಿಸಬೇಕು.

ಈ ದಾರಿಯ ದೊಡ್ಡ ಬಲ ಇಲ್ಲಿದೆ: ವೇಷಧಾರಿಯ ಫೋಟೋವನ್ನೂ ಬಿಳಿ ಹಿನ್ನೆಲೆಯಲ್ಲೇ ತೆಗೆದರೆ ಕತ್ತರಿಸುವ ಕೆಲಸವೇ ಇಲ್ಲ. ಕೆಳಗೆ ವೇಷ, ಮೇಲೆ ಶಾಯಿ, ಮೇಲಿನ ಲೇಯರ್ ಮಲ್ಟಿಪ್ಲೈ. ಬಿಳಿ ಮಾಯವಾಗಿ ಎರಡರ ಬಣ್ಣವೂ ಉಳಿಯುತ್ತದೆ. ಕಿರೀಟದ ಮಣಿಸಾಲು, ಜಾಲರಿ, ಕೂದಲು ಇವನ್ನೆಲ್ಲ ಪೆನ್ ಟೂಲಿನಲ್ಲಿ ಕತ್ತರಿಸಿದವರಿಗೆ ಇದರ ಬೆಲೆ ಗೊತ್ತು. ವೇಷಧಾರಿ ಹಿಂದಿನ ಪರದೆಯಿಂದ 2 ಮೀಟರ್ ಮುಂದೆ ನಿಲ್ಲಬೇಕು. ಪರದೆಯ ಬೆಳಕು ಮುಖದ ಬೆಳಕಿಗಿಂತ ಒಂದು, ಹೆಚ್ಚೆಂದರೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಮೇಲಿದ್ದರೆ ಸಾಕು. ಅದಕ್ಕಿಂತ ಏರಿದರೆ ಬೆಳಕು ಸುತ್ತಿ ಬಂದು ಬೇಗಡೆಯ ಅಂಚನ್ನು ಅಳಿಸುತ್ತದೆ.

ಎಲ್ಲರೂ ಮುಗ್ಗರಿಸುವುದು ಚೌಕದ ಗುರುತಿನಲ್ಲಿ. ಬಿಳಿ ಎಂದುಕೊಂಡದ್ದು ಮೂಲೆಯಲ್ಲಿ ಬೂದು ಆಗಿರುತ್ತದೆ, ಮಲ್ಟಿಪ್ಲೈ ಮಾಡಿದ ತಕ್ಷಣ ಶಾಯಿಯ ಫೋಟೋದ ನಾಲ್ಕು ಅಂಚು ತೋರುತ್ತದೆ. ಲೆವೆಲ್ಸಿನಲ್ಲಿ ಬಿಳಿಯನ್ನು ಎಳೆದರೆ ಅಂಚು ಹೋಗುತ್ತದೆ, ಜೊತೆಗೆ ತೆಳು ಎಳೆಗಳೂ ಹೋಗುತ್ತವೆ. ಉತ್ತಮ ಉಪಾಯ ಬೇರೆ: ಶಾಯಿ ಬಿಡುವ ಮೊದಲೇ ಖಾಲಿ ನೀರಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದನ್ನು ಶಾಯಿಯ ಫೋಟೋದ ಮೇಲಿಟ್ಟು ಡಿವೈಡ್ ಮೋಡ್ ಕೊಟ್ಟರೆ ಬೆಳಕಿನ ಏರುಪೇರು, ಗಾಜಿನ ಗೀರು, ಮೂಲೆಯ ಕತ್ತಲೆ ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಫೋಟೋಶಾಪ್, ಗಿಂಪ್ ಎರಡರಲ್ಲೂ ಈ ಮೋಡ್ ಇದೆ. ಎರಡು ಲೇಯರನ್ನೂ ಸೇರಿಸಿ ಒಂದು ಮಾಡಿದ ಮೇಲೆಯೇ ಮಲ್ಟಿಪ್ಲೈ. ಟ್ರೈಪಾಡ್ ನಡುವೆ ಅಲುಗಿದ್ದರೆ ಈ ಉಪಾಯ ಕೈಕೊಡುತ್ತದೆ.

ಇನ್ನೊಂದು ಲಾಭ ಮೊದಲಿಗೆ ಹೊಳೆಯುವುದಿಲ್ಲ. ಬೆಳಕು ಹಿಂದಿನಿಂದ ಬರುವುದರಿಂದ ಶಾಯಿಯ ಮೇಲೆ ಎಡ–ಬಲದ ನೆರಳಿಲ್ಲ. ಚಿತ್ರವನ್ನು ತಲೆಕೆಳಗು ಮಾಡಿ, ಓರೆ ಮಾಡಿ, ಕನ್ನಡಿಯಂತೆ ತಿರುಗಿಸಿ, ಯಾವ ದಿಕ್ಕಿಗೂ ಸಲ್ಲುತ್ತದೆ. ಯಕ್ಷಗಾನದ ದಿಗಿಣದಲ್ಲಿ, ಅಂದರೆ ಹಾರಿ ಸುತ್ತುವ ಕುಣಿತದಲ್ಲಿ, ಉಡುಪು ಸುತ್ತಲೂ ಅರಳಿದಾಗ ಇದು ಬಹಳ ಬೇಕಾಗುತ್ತದೆ. ಶಾಯಿಗೂ ಆ ಸುತ್ತು ಬರಬೇಕಾದರೆ ನೀರನ್ನು ಚಮಚದಿಂದ ಒಂದೇ ಸುತ್ತು ತಿರುಗಿಸಿ, 20 ಸೆಕೆಂಡ್ ಕಾದು, ಆಮೇಲೆ ಒತ್ತಿ. ವಾರ್ಪ್ ಟೂಲಿನಿಂದ ಬಗ್ಗಿಸಿದ ಸುತ್ತಿಗೂ ನೀರೇ ಕೊಟ್ಟ ಸುತ್ತಿಗೂ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ.

ಸೋಲುವುದೆಲ್ಲಿ? ಬಿಳಿ ಇರುವಲ್ಲೆಲ್ಲ ಶಾಯಿ ನುಗ್ಗುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಬಿಳಿ ಚುಟ್ಟಿಯ ಮೇಲೆ ಒಂದು ಎಳೆ ಬಿದ್ದರೂ ಮುಖ ಕೊಳೆಯಾದಂತೆ. ಲೇಯರ್ ಮಾಸ್ಕಿನಲ್ಲಿ ಮುಖ, ಕೈ, ಆಭರಣ ಇಷ್ಟನ್ನು ಮೃದು ಬ್ರಶ್ಶಿನಿಂದ ಬಿಡಿಸಿಕೊಳ್ಳಲೇಬೇಕು. ಹಸಿರು ಬಟ್ಟೆಯ ಮೇಲೆ ಕೆಂಪು ಶಾಯಿ ಕಂದುಗಪ್ಪಾಗುತ್ತದೆ. ಕಪ್ಪು ಬಟ್ಟೆಯ ಮೇಲಂತೂ ಯಾವ ಶಾಯಿಯೂ ಕಾಣದು, ಅದು ಬಟ್ಟೆಯಿಂದ ಹೊರಗೆ ಹರಿದ ಮೇಲೆಯೇ ಕಾಣುವುದು. ಕೆಂಪು–ಕಪ್ಪು ವೇಷಕ್ಕೆ ಅದೇ ಬಣ್ಣಗಳ ಪೋಸ್ಟರ್ ಕಲರ್ ಎಂದಾದರೆ ಈ ಸೋಲೂ ಗೆಲುವೇ: ಬಟ್ಟೆ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಹರಿಯಲು ಸುರುವಾಯಿತು ಎಂದು ಹೇಳಲಾಗುವುದಿಲ್ಲ.

ಕಪ್ಪು ಹಿನ್ನೆಲೆ, ಸ್ಕ್ರೀನ್

ಮೋಹಿನಿಯಾಟ್ಟಂನ ಉಡುಪು ಕೆನೆಬಿಳಿ, ಅಂಚಿಗೆ ‘ಕಸವು’ ಎನ್ನುವ ಚಿನ್ನದ ಜರಿ. ಇದನ್ನು ಬಿಳಿ ಹಿನ್ನೆಲೆಯಲ್ಲಿ ನಿಲ್ಲಿಸಿದರೆ ಉಡುಪೇ ಕಳೆದುಹೋಗುತ್ತದೆ. ಇಲ್ಲಿ ತೊಟ್ಟಿಯ ಹಿಂದೆ ಕಪ್ಪು ವೆಲ್ವೆಟ್, ಫ್ಲ್ಯಾಶ್ ಪಕ್ಕದಿಂದ. ಹಾಲು ನೀರಿಗಿಂತ ತುಸು ಭಾರ, ಲೀಟರಿಗೆ 1.03 ಕಿಲೋ ತೂಗುತ್ತದೆ, ಆದ್ದರಿಂದ ನಿಧಾನವಾಗಿ, ನಡುನಡುವೆ ಬೆರಳು ಚಾಚಿದಂತೆ ಇಳಿಯುತ್ತದೆ. ಬಿಳಿ ಅಕ್ರಿಲಿಕ್ ಬಣ್ಣವನ್ನು ಎರಡು ಪಾಲು ನೀರಿನಲ್ಲಿ ಕಲಸಿ ಬಿಟ್ಟರೆ ಇನ್ನೂ ಗಟ್ಟಿ, ಹೂಕೋಸಿನಂತೆ ಉಬ್ಬುತ್ತದೆ. ತೆಳು ಸೀರೆಗೆ ಹಾಲೇ ಒಪ್ಪುವುದು.

ನೆರಿಗೆಯ ಬೀಸಣಿಗೆ ಅಡ್ಡಕ್ಕೆ ಹರಡಬೇಕಿದ್ದರೆ ಉಪ್ಪುನೀರಿನ ಪದರ ಹಾಕಿ. ಲೀಟರಿಗೆ 60–70 ಗ್ರಾಂ ಉಪ್ಪು ಕರಗಿಸಿದ ನೀರು ಕೆಳಗಿನ ಅರ್ಧಕ್ಕೆ. ಅದರ ಮೇಲೆ ಒಂದು ತೆಳು ಸ್ಪಂಜು ತೇಲಿಸಿ, ಸ್ಪಂಜಿನ ಮೇಲೆ ಸಾದಾ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಎರಡೂ ಬೆರೆಯದೆ ನಿಲ್ಲುತ್ತವೆ. ಇಳಿಯುವ ಹಾಲು ಭಾರದ ಪದರಕ್ಕೆ ತಾಗಿ ಮುಂದೆ ಇಳಿಯಲಾರದೆ ಕೊಡೆಯಂತೆ ಹರಡುತ್ತದೆ. ಶಾಯಿಗಾದರೆ 35 ಗ್ರಾಂ ಉಪ್ಪು ಸಾಕು.

ಜೋಡಣೆಯಲ್ಲಿ ಹಾಲಿನ ಲೇಯರ್‌ಗೆ ಸ್ಕ್ರೀನ್. ಕಪ್ಪು ಮಾಯ, ಬಿಳಿ ಉಳಿಯುತ್ತದೆ. ಹಾಲು ಫೋಟೋದಲ್ಲಿ ನೀಲಿಯ ಕಡೆಗೆ ವಾಲಿ ಬರುವುದರಿಂದ ಸೀರೆಯ ಬಿಳಿಗೆ ಹೊಂದಿಸಲು ಸ್ವಲ್ಪ ಹಳದಿ ಸೇರಿಸಬೇಕು. ಲೆವೆಲ್ಸಿನ ಕಪ್ಪು 12–15ಕ್ಕೆ ಬರಲಿ.

ಬಿಳಿ ಹಿನ್ನೆಲೆಗೆ ಹೋಲಿಸಿದರೆ ಇದು ಕಷ್ಟದ ದಾರಿ. ನೀರಿನ ಒಂದೊಂದು ಕಸವೂ ಪಕ್ಕದ ಬೆಳಕಿಗೆ ನಕ್ಷತ್ರದಂತೆ ಹೊಳೆಯುತ್ತದೆ. ಗಾಜಿನಲ್ಲಿ ಕ್ಯಾಮೆರಾದ ಪ್ರತಿಬಿಂಬ ಬೀಳದಂತೆ ಮುಂದೆ ಕಪ್ಪು ಬಟ್ಟೆ ಕಟ್ಟಿ ಲೆನ್ಸಿಗಷ್ಟೇ ಕಿಂಡಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಹಾಲಿನ ಮೇಲೆ ಬೆಳಕು–ನೆರಳು ಇರುತ್ತದೆ. ನರ್ತಕಿಗೆ ಎಡದಿಂದ ಬೆಳಕು ಬಿದ್ದಿದ್ದರೆ ತೊಟ್ಟಿಗೂ ಎಡದಿಂದಲೇ ಬೀಳಬೇಕು. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡುವಂತಿಲ್ಲ. ಇಷ್ಟಕ್ಕೆ ಸಿಗುವ ಪ್ರತಿಫಲ ಆ ದುಂಡುತನ. ಹಿಂಬೆಳಕಿನ ಶಾಯಿ ಎಷ್ಟೇ ಚೆಲುವಾದರೂ ಚಪ್ಪಟೆ, ಪಕ್ಕದ ಬೆಳಕಿನ ಹಾಲು ಬಟ್ಟೆಯಷ್ಟೇ ಮೈತುಂಬಿ ನಿಲ್ಲುತ್ತದೆ. ಬಿಳಿ ಹಿನ್ನೆಲೆಯ ಫೋಟೋವನ್ನೇ ಇನ್ವರ್ಟ್ ಮಾಡಿ ಕಪ್ಪು ಮಾಡಿಕೊಳ್ಳುವವರಿದ್ದಾರೆ. ನೀಲಿ ಶಾಯಿ ಆಗ ಕಿತ್ತಳೆ–ಹಳದಿ ಜ್ವಾಲೆಯಾಗುತ್ತದೆ, ಕೆಲವು ಚಿತ್ರಗಳಿಗೆ ಸೊಗಸೇ. ಆದರೆ ಆ ದುಂಡುತನ ಬರುವುದಿಲ್ಲ.

ಮಾಸ್ಕ್‌ನ ದಾರಿ

ಭರತನಾಟ್ಯದ ರೇಷ್ಮೆಗೆ ಎರಡು ಬಣ್ಣ, ಮೇಲೆ ಜರಿ. ಅದೇ ಬಣ್ಣದ ಶಾಯಿ ಕಲಸುವುದು ಆಗದ ಮಾತು. ಇಲ್ಲಿ ಬಿಳಿ ಹಿನ್ನೆಲೆಯ ಶಾಯಿಯ ಆಕಾರ ಮಾತ್ರ ಸಾಕು. ನೀಲಿ ಶಾಯಿಯಾದರೆ ಕೆಂಪು ಚಾನೆಲಿನಲ್ಲಿ, ಕೆಂಪು ಶಾಯಿಯಾದರೆ ಹಸಿರು ಚಾನೆಲಿನಲ್ಲಿ ಅದು ಹೆಚ್ಚು ಕಪ್ಪಾಗಿ ಕಾಣುತ್ತದೆ. ಆ ಚಾನೆಲನ್ನು ನಕಲು ಮಾಡಿ, ಇನ್ವರ್ಟ್ ಮಾಡಿ, ಸೆಲೆಕ್ಷನ್ ಆಗಿ ತೆರೆದು, ರೇಷ್ಮೆಯ ಬಣ್ಣ ತುಂಬಿದ ಲೇಯರಿಗೆ ಮಾಸ್ಕ್ ಮಾಡುವುದು ಫೋಟೋಶಾಪಿನ ಕ್ರಮ. ಗಿಂಪಿನಲ್ಲಿ ಇಷ್ಟು ಸುತ್ತಾಟವಿಲ್ಲ. ‘ಕಲರ್ ಟು ಆಲ್ಫಾ’ ಎಂಬ ಒಂದೇ ಆಜ್ಞೆ ಬಿಳಿಯನ್ನು ಪಾರದರ್ಶಕ ಮಾಡಿ ಶಾಯಿಯನ್ನು ಎಳೆ ಸಮೇತ ಬಿಡಿಸಿಕೊಡುತ್ತದೆ. ಈ ಒಂದು ಕೆಲಸದಲ್ಲಿ ದುಡ್ಡು ಕೊಡದ ಗಿಂಪ್ ಮುಂದಿದೆ. ಲೇಯರಿನ ‘ಬ್ಲೆಂಡ್ ಇಫ್’ ಪಟ್ಟಿಯನ್ನು ಎಳೆದು ಅಂಚು ಹೊಂದಿಸುವುದರಲ್ಲಿ ಫೋಟೋಶಾಪ್ ಮುಂದು.

ಒಂದೇ ಬಣ್ಣ ತುಂಬಿದರೆ ಹೊಗೆಬತ್ತಿಯ ಹೊಗೆಯಂತೆ ಕಾಣುತ್ತದೆ. ಸೀರೆಯದೇ ಒಂದು ತುಂಡನ್ನು ನಕಲು ಮಾಡಿ ಮಾಸ್ಕಿನೊಳಗೆ ಹರಡಿ, ಅದೇ ಶಾಯಿಯ ಕಪ್ಪು–ಬಿಳುಪು ಪ್ರತಿಯನ್ನು ಡಿಸ್ಪ್ಲೇಸ್ ಫಿಲ್ಟರಿಗೆ ಕೊಟ್ಟು 10–20ರ ಅಳತೆಯಲ್ಲಿ ತಿರುಚಿದರೆ ಜರಿಯ ಗೆರೆಗಳು ಶಾಯಿಯ ಮಡಿಕೆಯೊಂದಿಗೆ ಬಾಗುತ್ತವೆ. 40 ದಾಟಿದರೆ ಹರಿದ ಬಟ್ಟೆ. ಸಮಯ ಎಲ್ಲಕ್ಕಿಂತ ಹೆಚ್ಚು ಬೇಡುವ ದಾರಿ ಇದು. ಬಣ್ಣದ ಸ್ವಾತಂತ್ರ್ಯ ಬೇಕಾದಾಗ ಮಾತ್ರ ಹಿಡಿಯುವುದು ಒಳ್ಳೆಯದು.

ಮೂರರಲ್ಲೂ ಕರಗಿಸಬಾರದ ಜಾಗಗಳಿವೆ. ಹಸ್ತ ಕರಗಿದರೆ ಮುದ್ರೆಯ ಅರ್ಥವೇ ಹೋಯಿತು. ಗೆಜ್ಜೆ ಕಟ್ಟಿದ ಕಾಲು ಕರಗಿದರೆ ನರ್ತಕಿ ನೆಲ ಬಿಟ್ಟು ತೂಗಾಡುತ್ತಾಳೆ. ಸೆರಗು, ಬೀಸಣಿಗೆ, ವೇಷದ ಬಟ್ಟೆಯ ಕೆಳಅಂಚು, ಬಿಚ್ಚಿದ ಕೂದಲು ಇಷ್ಟೇ ಶಾಯಿಗೆ ಬಿಟ್ಟುಕೊಡಬೇಕಾದ್ದು. ತೆಯ್ಯಂ, ಭೂತಕೋಲದ ಫೋಟೋಗಳನ್ನು ಈ ಕೆಲಸಕ್ಕೆ ತರುವುದು ಬೇಡ. ಅದು ಆರಾಧನೆ, ಆ ಮುಖದ ಬರವಣಿಗೆಗೆ ಮೇಲೆ ಸೇರಿಸಲು ನಮ್ಮಲ್ಲಿ ಏನೂ ಇಲ್ಲ.

ಹಾಲಿನ ನೀರನ್ನು ತೆಂಗಿನ ಬುಡಕ್ಕೆ ಹೊಯ್ಯಬಹುದು, ಉಪ್ಪು ಬೆರೆತದ್ದನ್ನಲ್ಲ. ಅಕ್ರಿಲಿಕ್ ಕಲಸಿದ ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಲೇಬಾರದು. ಅದು ಪ್ಲಾಸ್ಟಿಕ್. ಬಕೆಟಿನಲ್ಲಿ ತಳಕ್ಕೆ ಕೂರಲು ಬಿಟ್ಟು, ಗಟ್ಟಿಯನ್ನು ಒಣಗಿಸಿ ಕಸಕ್ಕೆ ಹಾಕಬೇಕು. ತೊಟ್ಟಿಯನ್ನು ಅಲ್ಲೇ ಆಗಲೇ ತೊಳೆಯದಿದ್ದರೆ ಗಾಜಿಗೆ ಹಿಡಿದ ಪೊರೆ ಮುಂದಿನ ಸಲದ ಪ್ರತಿ ಫೋಟೋದಲ್ಲೂ ಕಾಣಿಸಿಕೊಳ್ಳುತ್ತದೆ.

ಇಡೀ ಕೆಲಸ 16 ಬಿಟ್‌ನಲ್ಲಿ ನಡೆಯಲಿ. 8 ಬಿಟ್‌ನಲ್ಲಿ ಶಾಯಿಯ ನಯವಾದ ಇಳಿತ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಕೊನೆಗೆ 1ರಿಂದ 2 ಶೇಕಡಾ ನಾಯ್ಸ್ ಸೇರಿಸಿದರೆ ತೊಟ್ಟಿಯ ಫೋಟೋಗೂ ಸ್ಟುಡಿಯೋದ ಫೋಟೋಗೂ ಒಂದೇ ಕಣ ಬರುತ್ತದೆ. 12×18 ಇಂಚಿನ ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲಿನ ಫೈಲು ಅಷ್ಟಕ್ಕೆ ಸರಿಯಾಗಿ ಸಾಲುತ್ತದೆ, ಶಾಯಿಯ ಒಂದು ಮೂಲೆಯನ್ನು ಕತ್ತರಿಸಿ ಹಿಗ್ಗಿಸಿದರೆ ಸಾಲುವುದಿಲ್ಲ. ಫ್ಲೆಕ್ಸಿಗೆ ಹಾಕುವುದಿದ್ದರೆ ಕಪ್ಪು ಹಿನ್ನೆಲೆಯ ಹಾಲಿನ ಚಿತ್ರ ಕೊಡಬೇಡಿ, ಅದರ ಬೂದು ಎಳೆಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಬಿಳಿ ಹಿನ್ನೆಲೆಯ ಕೆಂಪು ಪೋಸ್ಟರ್ ಕಲರ್ ಫ್ಲೆಕ್ಸಿನಲ್ಲೂ ತಕ್ಕಮಟ್ಟಿಗೆ ಉಳಿಯುತ್ತದೆ.