ಬ್ರೇಕ್ ಲೈಟ್ ದೋಷ ಹುಡುಕೋಕೆ ಮೀಟರ್ ಒಳ್ಳೇದಾ, ಟೆಸ್ಟ್ ಲ್ಯಾಂಪ್ ಒಳ್ಳೇದಾ?

ಕಾರಿನ ಬ್ರೇಕ್ ಲೈಟ್ ಹತ್ತದಿದ್ದರೆ ಮನೆಯಲ್ಲೇ ದೋಷ ಹುಡುಕಲು ಮೂರು ದಾರಿ ಇವೆ. ಸುಮ್ನೆ ಬಲ್ಬ್ ಬದಲಿಸಿ ನೋಡುವುದು, ಮಲ್ಟಿಮೀಟರಿನಲ್ಲಿ ವೋಲ್ಟ್ ಅಳೆಯುವುದು, ಟೆಸ್ಟ್ ಲ್ಯಾಂಪ್ (ಎರಡು ವೈರು ಕಟ್ಟಿದ ಪರೀಕ್ಷೆಯ ಬಲ್ಬು) ಹಚ್ಚಿ ನೋಡುವುದು. ನಮ್ಮ ಹಳೇ ಹ್ಯಾಚ್‌ಬ್ಯಾಕ್ ಮೇಲೆ ಈ ಮೂರನ್ನೂ ಮಾಡಿ ನೋಡಿದ್ದೇನೆ. ಮಾಮೂಲಿ ಬಲ್ಬು, ಎಲ್‌ಇಡಿ ಬಲ್ಬು ಎರಡನ್ನೂ ಹಾಕಿ ಓಡಿಸಿದ್ದೇನೆ. ನಾವಿರುವುದು ಉಡುಪಿ ಕಡೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ವರ್ಷವಿಡೀ ಉಪ್ಪು ಗಾಳಿ. ನಮ್ಮ ಕಾರಿನಲ್ಲಂತೂ ಬಲ್ಬ್ ಸುಡುವುದಕ್ಕಿಂತ ಹೋಲ್ಡರ್ ಹಸಿರುಗಟ್ಟುವುದು, ಅರ್ಥ್ ಬೋಲ್ಟ್ (ಲೈಟಿನ ಮೈನಸ್ ವೈರನ್ನು ಕಾರಿನ ಬಾಡಿಗೆ ಸೇರಿಸುವ ಬೋಲ್ಟ್) ತುಕ್ಕು ಹಿಡಿಯುವುದೇ ಜಾಸ್ತಿ. ಅದಕ್ಕೇ ನನ್ನ ಓಟು ಟೆಸ್ಟ್ ಲ್ಯಾಂಪಿಗೆ.

ಯಾವ ದಾರಿ ಹಿಡಿದರೂ ಮೊದಲು ಕಣ್ಣಿನಿಂದ ನೋಡುವ ಕೆಲಸ ಒಂದಿದೆ. ಕಾರನ್ನು ಸಂಜೆ ಹೊತ್ತು ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಗೋಡೆ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲಿ ನೋಡಿ. ಒಬ್ಬರೇ ಇದ್ದರೆ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿದರೆ ಆಯ್ತು. ಎಡ, ಬಲ, ಮೇಲಿನ ಮೂರನೇ ಲೈಟು ಎಲ್ಲಾ ಒಟ್ಟಿಗೇ ಹೋಗಿದ್ದರೆ ಬಲ್ಬನ್ನು ಮುಟ್ಟಲೇ ಬೇಡಿ. ಮೂರು ಬಲ್ಬು ಒಂದೇ ದಿನ ಸುಡುವುದು ಅಪರೂಪ. ಆಗ ಫ್ಯೂಸ್ ನೋಡಬೇಕು, ಆಮೇಲೆ ಪೆಡಲಿನ ಮೇಲ್ಭಾಗದಲ್ಲಿ ಇರುವ ಬ್ರೇಕ್ ಸ್ವಿಚ್ ನೋಡಬೇಕು. ಒಂದೇ ಬದಿ ಹೋಗಿದ್ದರೆ ದೋಷ ಹೆಚ್ಚಾಗಿ ಆ ಬದಿಯ ಬಲ್ಬು, ಹೋಲ್ಡರ್ ಇಲ್ಲವೇ ಅರ್ಥ್‌ನಲ್ಲಿ ಇರುತ್ತದೆ.

ಈಗ ಹೋಲಿಕೆಗೆ ಬರೋಣ. ಬಲ್ಬ್ ಬದಲಿಸುವ ದಾರಿ ಎಲ್ಲಕ್ಕಿಂತ ಅಗ್ಗ. ತುಂಬಾ ಕಾರುಗಳಲ್ಲಿ ಬ್ರೇಕಿಗೂ ಟೈಲ್ ಲೈಟಿಗೂ ಒಂದೇ ಬಲ್ಬು ಇರುತ್ತದೆ. ಅದರ ಮೇಲೆ ಪಿ21/5ಡಬ್ಲ್ಯೂ ಅಂತ ಬರೆದಿರುತ್ತದೆ. ಒಳಗೆ ಎರಡು ತಂತಿ: ಬ್ರೇಕಿಗೆ 21 ವ್ಯಾಟಿನದು, ಟೈಲಿಗೆ 5 ವ್ಯಾಟಿನದು. ಹಾಗಾಗಿ ಟೈಲ್ ಲೈಟ್ ಉರಿಯುತ್ತಿದೆ ಎಂದ ಮಾತ್ರಕ್ಕೆ ಬಲ್ಬ್ ಸರಿ ಇದೆ ಎಂದುಕೊಳ್ಳುವಂತಿಲ್ಲ. ಹೊಸದನ್ನೇ ತರಬೇಕಿಲ್ಲ, ಎಡಬದಿಯದನ್ನು ಬಲಕ್ಕೆ ಹಾಕಿ ನೋಡಿದರೂ ಸಾಕು. ಎರಡು ನಿಮಿಷದ ಕೆಲಸ. ತೊಂದರೆ ಏನೆಂದರೆ, ಹೊಸ ಬಲ್ಬ್ ತುರುಕುವಾಗ ಹೋಲ್ಡರಿನ ಪಟ್ಟಿ ಸ್ವಲ್ಪ ಉಜ್ಜಿಕೊಂಡು ಲೈಟ್ ಹತ್ತಿಬಿಡುತ್ತದೆ. ರಿಪೇರಿ ಆಯಿತು ಅನಿಸುತ್ತದೆ. ಒಂದು ಮಳೆ ಬಂದ ಮೇಲೆ ಮತ್ತೆ ಅದೇ ಕಥೆ. ಬಲ್ಬ್ ನಿಜವಾಗಿ ಸುಟ್ಟಿದ್ದರೆ ಮಾತ್ರ ಈ ದಾರಿ ಪೂರ್ತಿ ಉತ್ತರ ಕೊಡುತ್ತದೆ.

ಮಲ್ಟಿಮೀಟರ್ ಬಗ್ಗೆ ನನಗೆ ತುಂಬಾ ನಂಬಿಕೆ ಇತ್ತು, ಈಗಲೂ ಇದೆ. ಆದರೆ ಹೆಚ್ಚಿನವರು ಅದನ್ನು ಬಳಸುವ ರೀತಿಯಲ್ಲಿ ಒಂದು ಕೊರತೆ ಇದೆ. ಬಲ್ಬ್ ತೆಗೆದು, ಖಾಲಿ ಹೋಲ್ಡರಿಗೆ ಕಡ್ಡಿ ಇಟ್ಟು, ಬ್ರೇಕ್ ಒತ್ತಿಸಿ ನೋಡುತ್ತಾರೆ. 12 ವೋಲ್ಟ್ ತೋರಿಸುತ್ತದೆ. ವೈರ್ ಸರಿ ಇದೆ ಅನ್ನುತ್ತಾರೆ. ಅಲ್ಲೇ ದಾರಿ ತಪ್ಪುವುದು. ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ ತುಕ್ಕಿನಿಂದ 5 ಓಮ್ ಅಡ್ಡಿ ಇದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ 21 ವ್ಯಾಟಿನ ಬಲ್ಬು ಉರಿಯಲು ಪೌಣೆ ಎರಡು ಆಂಪಿಯರ್ ಬೇಕು. ಉರಿಯುವಾಗ ಅದರ ಅಡ್ಡಿ ಸುಮಾರು 7 ಓಮ್. ದಾರಿಯಲ್ಲಿ ಇನ್ನೊಂದು 5 ಓಮ್ ಸೇರಿಕೊಂಡರೆ ಬಲ್ಬಿಗೆ 7 ವೋಲ್ಟಿಗಿಂತ ಹೆಚ್ಚು ಸಿಗುವುದಿಲ್ಲ. ಇಂಥ ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. 7 ವೋಲ್ಟಿನಲ್ಲಿ ಹಗಲು ಹೊತ್ತು ಹಿಂದಿನವರಿಗೆ ಏನು ಕಾಣಬೇಕು?

ಟೆಸ್ಟ್ ಲ್ಯಾಂಪ್ ಗೆಲ್ಲುವುದು ಇಲ್ಲೇ. ಅದು ಕರೆಂಟ್ ಎಳೆಯುತ್ತದೆ, ದಾರಿ ಕೆಟ್ಟಿದ್ದರೆ ತಾನೂ ಮಂದವಾಗುತ್ತದೆ. ಅಂಗಡಿಯಲ್ಲಿ ಸಿಗುವ ಚೂಪು ಮೂತಿಯ, ಒಳಗೆ ಸಣ್ಣ ಬಲ್ಬಿರುವ ಟೆಸ್ಟರ್ ಪರವಾಗಿಲ್ಲ. ಎಲ್‌ಇಡಿ ಇರುವ ಟೆಸ್ಟರ್ ಈ ಕೆಲಸಕ್ಕೆ ಬೇಡ, ಅದೂ ಮೀಟರಿನ ಹಾಗೆ ತುಂಬಾ ಕಡಿಮೆ ಕರೆಂಟ್ ಎಳೆಯುತ್ತದೆ. ನಾನು ಬಳಸುವುದು ಮನೆಯಲ್ಲೇ ಕಟ್ಟಿದ್ದು. ಒಂದು ಹಳೇ ಹೋಲ್ಡರ್, 21 ವ್ಯಾಟಿನ ಬಲ್ಬು, ಉದ್ದನೆಯ ಎರಡು ವೈರು, ತುದಿಗೆ ಕ್ರೊಕಡೈಲ್ ಕ್ಲಿಪ್ಪು. ಕಾರಿನ ಬಲ್ಬಿಗೆ ಬೇಕಾದಷ್ಟೇ ಕರೆಂಟ್ ಇದಕ್ಕೂ ಬೇಕು, ಹಾಗಾಗಿ ಇದು ಹೇಳುವುದನ್ನು ನಂಬಬಹುದು.

ಪರೀಕ್ಷೆಯೂ ಸುಲಭ. ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಅಥವಾ ಬಾಡಿಯ ಶುದ್ಧ ಬೋಲ್ಟಿಗೆ ಕಚ್ಚಿಸಿ, ಇನ್ನೊಂದನ್ನು ಹೋಲ್ಡರಿಗೆ ಬರುವ ಬ್ರೇಕ್ ವೈರಿಗೆ ಹಿಡಿಯಿರಿ. ಬ್ರೇಕ್ ಒತ್ತಿದಾಗ ಚೆನ್ನಾಗಿ ಉರಿದರೆ ಪ್ಲಸ್ ದಾರಿ ಸರಿ ಇದೆ. ಈಗ ಮೈನಸ್ ಕ್ಲಿಪ್ಪನ್ನು ಅಲ್ಲಿಂದ ತೆಗೆದು ಕಾರಿನ ಹಿಂದಿನ ಲೈಟಿನ ಅರ್ಥ್ ವೈರಿಗೆ ಕೊಡಿ. ಮಂದವಾದರೆ ಕಳ್ಳ ಸಿಕ್ಕಿದ: ಅರ್ಥ್. ಅರ್ಥ್ ಕೆಟ್ಟಾಗ ಕಾಣುವ ಲಕ್ಷಣಗಳು ತಲೆ ಕೆಡಿಸುತ್ತವೆ. ಬ್ರೇಕ್ ಒತ್ತಿದರೆ ಟೈಲ್ ಲೈಟ್ ಮಿಣುಕುತ್ತದೆ, ಕೆಲವೊಮ್ಮೆ ಡ್ಯಾಶ್‌ಬೋರ್ಡ್ ದೀಪವೂ ಹತ್ತಿಕೊಳ್ಳುತ್ತದೆ. ಬ್ರೇಕಿನ ಕರೆಂಟಿಗೆ ತನ್ನ ದಾರಿ ಸಿಗದೆ, ಟೈಲ್ ಲೈಟಿನ ತಂತಿಯೊಳಗೆ ಹಿಮ್ಮುಖವಾಗಿ ಹೋಗಿ ಬೇರೆ ದೀಪಗಳ ಮೂಲಕ ಅರ್ಥ್ ಸೇರುವುದರಿಂದ ಹೀಗಾಗುತ್ತದೆ. ಮೀಟರಿನಲ್ಲಿ ಇದನ್ನು ಬಿಡಿಸಲು ತಾಳ್ಮೆ ಬೇಕು. ಟೆಸ್ಟ್ ಲ್ಯಾಂಪಿನಲ್ಲಿ ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಹಳದಿ ಕನೆಕ್ಟರ್ ಇರುವ ಏರ್‌ಬ್ಯಾಗ್ ವೈರಿಗೆ, ಇಸಿಯು (ಕಾರಿನ ಕಂಪ್ಯೂಟರ್) ವೈರುಗಳಿಗೆ ಟೆಸ್ಟ್ ಲ್ಯಾಂಪ್ ತಾಗಿಸಲೇಬಾರದು. ಇಸಿಯು ವೈರಿಗೆ ಮೀಟರೇ ಸರಿ, ಏರ್‌ಬ್ಯಾಗ್ ವೈರಿಗೆ ಮೀಟರನ್ನೂ ಹಚ್ಚಬೇಡಿ. ಮೀಟರಿಗೆ ಇನ್ನೊಂದು ಒಳ್ಳೆಯ ಕೆಲಸವೂ ಇದೆ. ಬಲ್ಬ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕಾರಿನ ಹಿಂದಿನ ಲೈಟಿನ ಅರ್ಥ್ ವೈರಿಗೂ ಬ್ಯಾಟರಿ ಮೈನಸ್‌ಗೂ ನಡುವಿನ ವೋಲ್ಟ್ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಬೋಲ್ಟ್ ಬಿಚ್ಚಿ ಉಜ್ಜಿದ ಮೇಲೆ ಮತ್ತೆ ಅಳೆದರೆ ಎಷ್ಟು ಸುಧಾರಿಸಿತು ಅಂತ ಲೆಕ್ಕ ಸಿಗುತ್ತದೆ. ದೋಷ ಹುಡುಕೋಕೆ ಲ್ಯಾಂಪು, ರಿಪೇರಿ ಪಕ್ಕಾ ಮಾಡಿಕೊಳ್ಳೋಕೆ ಮೀಟರು. ನಾನು ಹೀಗೇ ಮಾಡುತ್ತೇನೆ.

ಬಲ್ಬಿನ ವಿಷಯದಲ್ಲಿ ಎಲ್‌ಇಡಿಗೆ ಒಂದು ದೊಡ್ಡ ಗುಣ ಇದೆ. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ, ಎಲ್‌ಇಡಿ ಒತ್ತಿದ ಕೂಡಲೇ ಹತ್ತುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಹಿಂದಿನ ಕಾರು ಐದೂವರೆ ಮೀಟರ್ ಮುಂದೆ ಬಂದಿರುತ್ತದೆ. ಹೆದ್ದಾರಿ 66ರಲ್ಲಿ ಇದು ಸಣ್ಣ ವಿಷಯವಲ್ಲ. ಆದರೂ ನಾನು ಮಾಮೂಲಿ ಬಲ್ಬಿಗೇ ಮರಳಿದೆ. ಹಳೇ ಕಾರಿನ ಲ್ಯಾಂಪಿನ ಒಳಗಿನ ಕನ್ನಡಿಯನ್ನು ತಂತಿ ಇರುವ ಜಾಗಕ್ಕೆ ಹೊಂದಿಸಿ ಮಾಡಿರುತ್ತಾರೆ. ನಾನು ಹಾಕಿದ ಎಲ್‌ಇಡಿಯ ಬೆಳಕು ಆ ಜಾಗಕ್ಕೆ ಕೂರಲಿಲ್ಲ. ನೇರ ಹಿಂದೆ ನಿಂತರೆ ಕಣ್ಣು ಕುಕ್ಕುತ್ತಿತ್ತು, ಸ್ವಲ್ಪ ಬದಿಗೆ ಸರಿದರೆ ಮಂಕು. ಟೈಲಿಗೂ ಬ್ರೇಕಿಗೂ ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆ, ಮಂಜಿನಲ್ಲಿ ಇಳಿಯುವಾಗ ಹಿಂದಿನವರಿಗೆ ಬೇಕಾಗಿರುವುದು ಅದೇ ವ್ಯತ್ಯಾಸ ಅಲ್ವಾ? ಕಂಪನಿಯಿಂದಲೇ ಎಲ್‌ಇಡಿ ಲ್ಯಾಂಪ್ ಬಂದಿದ್ದರೆ ಅದರ ಮಾತು ಬೇರೆ, ಅದು ಚೆನ್ನಾಗಿರುತ್ತದೆ.

ಹೋಲ್ಡರ್ ಶುದ್ಧ ಮಾಡಲು ಉಪ್ಪು ಕಾಗದಕ್ಕಿಂತ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮೇಲು. ಉಪ್ಪು ಕಾಗದ ತುಕ್ಕಿನ ಜೊತೆ ಲೋಹದ ಮೇಲಿನ ಲೇಪವನ್ನೂ ಕಿತ್ತುಬಿಡುತ್ತದೆ, ಆಮೇಲೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಅರ್ಥ್ ಬೋಲ್ಟಿನ ಕೆಳಗಿನ ತಗಡಿಗೆ ಮಾತ್ರ ಉಪ್ಪು ಕಾಗದವೇ ಬೇಕು, ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಹೋಲ್ಡರಿನ ಪ್ಲಾಸ್ಟಿಕ್ ಕರಗಿದ್ದರೆ ಉಳಿಸಲು ಹೋಗಬೇಡಿ, ವೈರ್ ಸಮೇತ ಹೊಸ ಹೋಲ್ಡರ್ ಸಿಗುತ್ತದೆ. ಜೋಡಿಸುವಾಗ ಬರೇ ತಿರುಚಿ ಟೇಪ್ ಸುತ್ತಿದರೆ ನಮ್ಮ ಮಳೆಗೆ ಅಂಟು ಬಿಟ್ಟು ನೀರು ಒಳಗೆ ಸೇರುತ್ತದೆ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಏರಿಸಿದ ಜಾಯಿಂಟು ನಮ್ಮ ಕಾರಿನಲ್ಲಿ ಈಗಲೂ ಗಟ್ಟಿಯಾಗಿದೆ. ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೆ ತುಂಡಾದ ವೈರಿಗೆ ಮಾತ್ರ ಬೆಸುಗೆ ಬೇಡ. ಬಾಗಿಲು ತೆಗೆದು ಹಾಕುವಾಗ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅಲ್ಲಿ ಬಾಗುವ ಜಾಗವನ್ನು ಪೂರ್ತಿ ದಾಟುವಷ್ಟು ಉದ್ದದ ಹೊಸ ವೈರ್ ಹಾಕಿ, ಜಾಯಿಂಟುಗಳನ್ನು ಬಾಗದ ಕಡೆ ಇಡಿ.