ಅ ಆ ಇ ಈ ಮೊದಲೋ, ರ ಗ ಸ ದ ಮೊದಲೋ?

ಮಕ್ಕಳಿಬ್ಬರೂ ಇಂಗ್ಲಿಷ್ ಮಾಧ್ಯಮದಲ್ಲಿರುವುದರಿಂದ ಕನ್ನಡ ಓದಿಸುವ ಹೊಣೆ ಮನೆಗೇ ಬಂತು. ಮಗಳಿಗೆ ಅತ್ತೆಯವರು ಸ್ಲೇಟು ಹಿಡಿಸಿ ವರ್ಣಮಾಲೆಯ ಕ್ರಮದಲ್ಲೇ ಕಲಿಸಿದರು. ಮಗನ ಸರದಿ ಬಂದಾಗ ನಾನು ನಲಿ-ಕಲಿಯ ಕ್ರಮ ಹಿಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಅದು.

ವರ್ಣಮಾಲೆ ಬಾಯಿಗೆ ಬೇಗ ಬರುತ್ತದೆ, ಕಣ್ಣಿಗೆ ನಿಧಾನ. ಅ ಇಂದ ಔ ತನಕ ಕಲಿತರೂ ‘ಆ’, ‘ಈ’ ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ಹಾಗಾಗಿ ಮಗು ಅಕ್ಷರ ಬಿಟ್ಟು ಚಿತ್ರ ಓದುತ್ತದೆ. ಗೋಡೆಯ ಪಟದಲ್ಲಿ ಊಟದ ಎಲೆ ಕಂಡ ಮಗಳು ‘ಊ, ಅನ್ನ’ ಎನ್ನುತ್ತಿದ್ದಳು. ಆಮೇಲೆ ಙ, ಞ ಬಂದವು. ಐದು ವರ್ಷದ ಮಗುವಿಗೆ ಅವುಗಳಿಂದ ಆಗಬೇಕಾದ್ದೇನು?

ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ, ಸರಸರ ಎಲ್ಲ ಓದಬಹುದು. ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ಬಸವ. ಗರಗಸವನ್ನು ಎಂದೂ ಕಾಣದ ಮಗ ಆ ಪದವನ್ನು ತಾನೇ ಕೂಡಿಸಿ ಓದಿ, ಅದು ಏನೆಂದು ಕೇಳಿದ. ಅವನಿಗೆ ಹೇಳಿಕೊಡದೇ ಇದ್ದುದನ್ನು ಅವನು ಓದಿದ್ದ. ಈ ಕ್ರಮಕ್ಕೆ ನಾನು ಸೋತದ್ದು ಅಲ್ಲಿ. ತೊಂದರೆಯೆಂದರೆ, ಇದಕ್ಕೆ ನನಗೆ ಅಂಗಡಿಯಲ್ಲಿ ಪಟ ಸಿಗಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡು ಮಾಡಿಕೊಂಡೆ.

ಕಾಗುಣಿತಕ್ಕೆ ಬಂದರೆ ಅತ್ತೆಯವರ ದಾರಿಯೇ ಮೇಲು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಎಂದು ರಾಗವಾಗಿ ಹೇಳಿಕೊಂಡ ಮಗುವಿಗೆ ಪ್ರತಿ ಗುರುತಿಗೂ ಒಂದು ಹೆಸರು ಗೊತ್ತಿರುತ್ತದೆ, ತಪ್ಪಿದಾಗ ತಿದ್ದುವುದು ಸುಲಭ. ಮಗ ‘ಹಾವು’ ಎಂಬುದನ್ನು ‘ಹಾಮ’ ಎಂದು ಓದಿದ. ಅವನನ್ನು ದೂರುವಂತಿಲ್ಲ. ‘ಕು’ವಿನ ಹಾಗೆ ವ-ದ ಪಕ್ಕದಲ್ಲೇ ಕೊಂಬು ಹಚ್ಚಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ವು, ಪುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ‘ಕೊಂಬು ಎಲ್ಲಿದೆ ನೋಡು’ ಎಂದರೆ ಸಾಕಾಯಿತು. ಹೆಸರೇ ಗೊತ್ತಿಲ್ಲದಿದ್ದರೆ ಏನೆಂದು ತೋರಿಸುವುದು?

ಮೊಬೈಲಿನ ಅಕ್ಷರದ ಹಾಡುಗಳನ್ನೂ ಹಾಕಿ ನೋಡಿದೆ. ಮಕ್ಕಳು ಕುಣಿದರು, ಅಷ್ಟೇ.

ಕತೆ ಪುಸ್ತಕದ ಮಾತು ಬೇರೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಓದಿನ ಹಂತಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ. ಆದರೆ ಕತೆಯೊಂದನ್ನೇ ನಂಬಿದರೆ ಮಗು ಬಾಯಿಪಾಠ ಮಾಡಿ ಓದಿದಂತೆ ನಟಿಸುತ್ತದೆ. ಚಿತ್ರದ ಮೇಲೆ ಅಂಗೈ ಇಟ್ಟರೆ ಬಣ್ಣ ಬಯಲು. ಕತೆಯ ನಿಜವಾದ ಲಾಭ ಒತ್ತಕ್ಷರದಲ್ಲಿ. ಹಳೆಯ ಕ್ರಮ ಒತ್ತನ್ನು ಕೊನೆಗೆ ತಳ್ಳುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಬೆಕ್ಕು, ಹಣ್ಣು: ಮಗುವಿನ ಲೋಕವೆಲ್ಲ ಒತ್ತಿನಲ್ಲೇ ಇದೆ, ಕತೆಯ ಮೊದಲ ಪುಟದಲ್ಲೇ ಎದುರಾಗುತ್ತದೆ.

ಪಕ್ಕದ ಮನೆಯವರು ಕೇಳಿದಾಗ ನಾನು ಹೇಳಿದ್ದು ಇಷ್ಟು: ಅಕ್ಷರಕ್ಕೆ ರ ಗ ಸ ದ, ಗುಣಿತಕ್ಕೆ ಅಜ್ಜಿಯ ರಾಗ, ಮಲಗುವ ಮುನ್ನ ಕತೆ. ಒತ್ತಿನಲ್ಲಿ ಅಕ್ಕ, ಅಪ್ಪ, ಅಜ್ಜಿ ಮೊದಲು ಬರಲಿ, ಅಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ಮ, ತ, ನ, ಲಗಳ ಒತ್ತಿಗೆ ರೂಪವೇ ಬೇರೆ, ಅವು ನಂತರ. ಸೂರ್ಯನ ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಮೊದಲು ಉಚ್ಚರಿಸಿದ್ದನ್ನು ಆಮೇಲೆ ಬರೆಯುವುದೇಕೆ ಎಂದು ಮಗಳು ಈಗಲೂ ತಕರಾರು ತೆಗೆಯುತ್ತಾಳೆ.